ಹದಿನಾಲ್ಕು ತಲೆ, ಐದು ರೂಮು: ಪಾರ್ಕ್ ರೆಸಾರ್ಟಿಗೆ ಹೊರಡುವ ಮುನ್ನ

ಜೋಗಕ್ಕೆ ಹೋಗಿ ಬರೋಣ ಎಂದರೆ ಸಾಗರದ ಕಡೆಯ ಮಕ್ಕಳು ಈಗ ಮುಖ ಸಿಂಡರಿಸುತ್ತಾರೆ. ನೀರು ಬೀಳುವುದನ್ನು ನೋಡಲು ಅವರು ಎಲ್ಲಿಗೂ ಹೋಗಬೇಕಿಲ್ಲ, ಮಳೆಗಾಲ ಬಂದರೆ ಮನೆ ಹಿಂದಿನ ಧರೆಯಲ್ಲೇ ಬೀಳುತ್ತದೆ. ಅವರಿಗೆ ಬೇಕಿರುವುದು ರೋಲರ್ ಕೋಸ್ಟರ್, ಅಲೆ ಏಳುವ ಕೊಳ, ರಾತ್ರಿಗೆ ಅಲ್ಲೇ ಪಕ್ಕದ ರೆಸಾರ್ಟಿನ ಮೆತ್ತನೆ ಹಾಸಿಗೆ. ಅಜ್ಜ, ಅಜ್ಜಿ, ಮೂವರು ಗಂಡುಮಕ್ಕಳ ಸಂಸಾರ, ಜೊತೆಗೊಬ್ಬರು ಅತ್ತೆ ಎಂದರೆ ಹದಿನಾಲ್ಕು ಜನ ಆಗಿಬಿಡುತ್ತಾರೆ. ಪಾರ್ಕಿನ ಟಿಕೆಟ್ ದರ ಬೋರ್ಡಿನ ಮೇಲಿರುತ್ತದೆ. ಗಾಡಿ ಬಾಡಿಗೆ ಕಿಲೋಮೀಟರಿಗೆ ಇಷ್ಟೆಂದು ಮೊದಲೇ ಮಾತಾಗಿರುತ್ತದೆ. ಕೈಮೀರುವುದು ರೂಮಿನ ಲೆಕ್ಕ. ಏಕೆಂದರೆ ಎಲ್ಲರೂ ಕೇಳುವುದು ‘ರೂಮಿಗೆ ಎಷ್ಟು’ ಎಂದು. ಕೇಳಬೇಕಾದದ್ದು ತೆರಿಗೆ, ಹಾಸಿಗೆ ಎಲ್ಲ ಸೇರಿ ರಾತ್ರಿಯೊಂದಕ್ಕೆ ತಲೆಗೆಷ್ಟು ಬೀಳುತ್ತದೆ ಎಂದು.

1. ಎಲ್ಲಿಗೆ

ಶಿವಮೊಗ್ಗದವರಿಗೆ ಹತ್ತಿರದ್ದು ಬಿಡದಿ ಬಳಿಯ ವಂಡರ್‌ಲಾ. 2005ರಲ್ಲಿ ಶುರುವಾದ ಪಾರ್ಕು, ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ 28 ಕಿ.ಮೀ., ಪಕ್ಕದಲ್ಲೇ ಅವರದೇ ರೆಸಾರ್ಟು. ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಯಲ್ಲಿ ಒಂದೇ ಆವರಣದೊಳಗೆ ಐಷಾರಾಮಿ ‘ಸಿತಾರಾ’ ಇದೆ, ಅದಕ್ಕಿಂತ ಕಡಿಮೆ ದರದ ‘ತಾರಾ’ ಇದೆ. ಹಿರಿಯರನ್ನು ಒಂದರಲ್ಲಿ, ಹುಡುಗರನ್ನು ಇನ್ನೊಂದರಲ್ಲಿ ಇಳಿಸುವ ಅನುಕೂಲ ಅಲ್ಲಿನದು. ಮಹಾರಾಷ್ಟ್ರದ ಖೋಪೋಲಿಯ ಇಮ್ಯಾಜಿಕಾ ಪಾರ್ಕು ಚೆನ್ನಾಗಿದ್ದರೂ ಅಜ್ಜಿಯ ಮಂಡಿ ಅಷ್ಟು ದೂರ ಕೂತು ಬರಲು ಒಪ್ಪಬೇಕಲ್ಲ. ಹದಿನಾಲ್ಕು ಜನಕ್ಕೆ, ಅದೂ ಮೊದಲ ಸಲಕ್ಕೆ, ಬಿಡದಿಯೇ ಸಾಕು ಎನ್ನುವುದು ನನ್ನ ಅಭಿಪ್ರಾಯ. ಮುಂದಿನ ಲೆಕ್ಕ ಯಾವ ಪಾರ್ಕಿನ ರೆಸಾರ್ಟಿಗಾದರೂ ಹೊಂದುತ್ತದೆ.

2. ತಲೆ ಎಣಿಸಿ, ವಯಸ್ಸು ಬರೆಯಿರಿ

ರೆಸಾರ್ಟಿನವರ ಕಣ್ಣಿಗೆ ಕುಟುಂಬ ಎಂದರೆ ವಯಸ್ಸಿನ ಪಟ್ಟಿ. ರೂಮಿನ ದರ ಸಾಮಾನ್ಯವಾಗಿ ಇಬ್ಬರಿಗೆ. ಮೂರನೆಯವರಿಗೆ ನೆಲದ ಮೇಲೊಂದು ಹಾಸಿಗೆ ಹಾಕಿ ಬೇರೆ ದುಡ್ಡು ಹಿಡಿಯುತ್ತಾರೆ. ಬಹಳ ಕಡೆ ಹನ್ನೆರಡು ದಾಟಿದ ಮಕ್ಕಳು ದೊಡ್ಡವರ ಲೆಕ್ಕ, ತೀರಾ ಚಿಕ್ಕವರು ಉಚಿತ. ನಡುವಿನವರ ಮೇಲೆ ಒಂದೊಂದು ಕಡೆ ಒಂದೊಂದು ನಿಯಮ. ಪಾರ್ಕಿನ ಟಿಕೆಟ್ಟಿಗೆ ಎತ್ತರವನ್ನೂ ನೋಡುವುದುಂಟು. ಆದ್ದರಿಂದ ಪಟ್ಟಿಯಲ್ಲಿ ಮಕ್ಕಳ ವಯಸ್ಸಿನ ಮುಂದೆ ಎತ್ತರವನ್ನೂ ಬರೆದಿಡಿ.

ನಮ್ಮ ಉದಾಹರಣೆಯ ಮನೆ ಹೀಗಿದೆ: ದೊಡ್ಡವನ ಸಂಸಾರದಲ್ಲಿ 16 ಮತ್ತು 13 ವರ್ಷದ ಹುಡುಗಿಯರು, ನಡುವಿನವನಿಗೆ 9 ಮತ್ತು 7 ವರ್ಷದ ಹುಡುಗರು, ಕೊನೆಯವನಿಗೆ 4 ವರ್ಷದ ಮಗು. ಜೊತೆಗೆ ಅಜ್ಜ, ಅಜ್ಜಿ, ಅತ್ತೆ.

3. ನಾಲ್ಕು ರೂಮೋ ಐದೋ

ಮನೆಮನೆಗಳಲ್ಲಿ ಜಗಳ ಆಗುವುದು ಇಲ್ಲೇ. ‘ಮದುವೆ ಮನೆಯಲ್ಲಿ ಹಾಲಿನ ತುಂಬ ಜಮಖಾನ ಹಾಸಿ ಮಲಗಿದವರಲ್ವಾ ನಾವು, ನಾಲ್ಕು ಸಾಕು’ ಎನ್ನುವವರು ಒಬ್ಬರಾದರೂ ಇರುತ್ತಾರೆ. ಸರಿ, ಲೆಕ್ಕ ಹಾಕಿಯೇ ನೋಡೋಣ. ಕೆಳಗಿನ ದರಗಳು ಲೆಕ್ಕಕ್ಕೆಂದು ನಾನು ಹಿಡಿದವು. ನಿಮಗೆ ಸಿಕ್ಕ ದರವನ್ನು ಆ ಜಾಗದಲ್ಲಿ ಇಟ್ಟುಕೊಳ್ಳಿ.

ವಾರದ ನಡುವೆ ಬೆಳಗಿನ ತಿಂಡಿ ಸೇರಿ ರೂಮಿಗೆ 7,200 ರೂಪಾಯಿ, ಶೇ 5 ಜಿ.ಎಸ್‌.ಟಿ. ಸೇರಿ 7,560. ಹೆಚ್ಚುವರಿ ಹಾಸಿಗೆ ತೆರಿಗೆ ಸೇರಿ 1,600. ಕೊನೆಯ ಇಬ್ಬರು ಮಕ್ಕಳು ಅಪ್ಪ ಅಮ್ಮನ ನಡುವೆ ಮಲಗುತ್ತಾರೆ ಎಂದುಕೊಳ್ಳಿ.

ಐದು ರೂಮಾದರೆ ಅಜ್ಜ-ಅಜ್ಜಿಯ ಜೊತೆ 9ರ ಹುಡುಗ, ಅತ್ತೆಯ ಜೊತೆ ಹುಡುಗಿಯರಿಬ್ಬರು, ಮೂರು ಜೋಡಿಗೆ ಮೂರು ರೂಮು. ಎರಡು ಹಾಸಿಗೆ ಸಾಕು. ರೂಮಿಗೆ 37,800, ಹಾಸಿಗೆಗೆ 3,200, ಒಟ್ಟು 41,000.

ನಾಲ್ಕೇ ರೂಮಾದರೆ ನಾಲ್ಕು ಹಾಸಿಗೆ ಬೇಕು. ರೂಮಿಗೆ 30,240, ಹಾಸಿಗೆಗೆ 6,400, ಒಟ್ಟು 36,640.

ಉಳಿಯುವುದು 4,360. ತಲೆಗೆ ಮುನ್ನೂರ ಚಿಲ್ಲರೆ. ಅಷ್ಟಕ್ಕಾಗಿ ಅಜ್ಜನ ಜೊತೆ ದೊಡ್ಡ ಮಗ ಮತ್ತು 9ರ ಹುಡುಗ, ಅಜ್ಜಿಯ ಜೊತೆ ಅತ್ತೆ ಮತ್ತು ದೊಡ್ಡ ಸೊಸೆ, ಹುಡುಗಿಯರು ಚಿಕ್ಕಪ್ಪಂದಿರ ರೂಮಿನಲ್ಲಿ ಒಬ್ಬೊಬ್ಬರು ಎಂದು ಹಂಚಬೇಕು. ಒಂದು ರೂಮಿಗೆ ಇಷ್ಟೇ ಜನ ಎಂಬ ಮಿತಿಯೂ ಇರುತ್ತದೆ. ಬಾಗಿಲಲ್ಲಿ ಎಣಿಸಿ ಐದನೆಯ ರೂಮು ತೆಗೆದುಕೊಳ್ಳಲೇಬೇಕು ಎಂದರೆ ಆ ಹೊತ್ತಿನ ದರ ಅವರು ಹೇಳಿದ್ದೇ. ಇದಕ್ಕಿಂತ ದೊಡ್ಡದು ಬಚ್ಚಲಿನ ಮಾತು. ಪಾರ್ಕು ತೆರೆಯುವ ಹೊತ್ತಿಗೆ ಹದಿನಾಲ್ಕು ಜನರ ಸ್ನಾನ ಮುಗಿಯಬೇಕು, ಅಜ್ಜನಿಗೆ ಅದಕ್ಕೂ ಮೊದಲು ಸಂಧ್ಯಾವಂದನೆ ಬೇರೆ. ರೂಮು ಎಣಿಸುವಾಗ ಮಂಚ ಎಣಿಸಬೇಡಿ, ಬಚ್ಚಲು ಎಣಿಸಿ. ನಾನಾಗಿದ್ದರೆ ಐದೇ ಹೇಳುತ್ತೇನೆ.

4. ಏಳೂವರೆ ಸಾವಿರದ ಗೆರೆ

2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಶೇ 5 ತೆರಿಗೆ. ಅದರ ಮೇಲೆ ಹೋದರೆ ಶೇ 18. ಗೆರೆ ದಾಟಿದ ಭಾಗಕ್ಕಷ್ಟೇ ಅಲ್ಲ, ಪೂರ್ತಿ ಮೊತ್ತಕ್ಕೆ. 7,400ರ ರೂಮು ತೆರಿಗೆ ಸೇರಿ 7,770 ಆದರೆ 7,600ರದು 8,968 ಆಗುತ್ತದೆ. ಇನ್ನೂರು ರೂಪಾಯಿ ದರ ಏರಿದ್ದಕ್ಕೆ ರೂಮಿಗೆ 1,198, ಐದು ರೂಮಿಗೆ 5,990 ಹೆಚ್ಚು. ‘ಬಾಲ್ಕನಿ ಇರುವ ರೂಮು, ಸ್ವಲ್ಪ ಮಾತ್ರ ಜಾಸ್ತಿ ಮೇಡಂ’ ಎಂದು ಆ ಕಡೆಯಿಂದ ಹೇಳಿದಾಗ ಈ ಗೆರೆ ನೆನಪಿರಲಿ.

ಶನಿವಾರದ ದರದಲ್ಲಿ ಇದರ ಪೆಟ್ಟು ಪೂರ್ತಿ ಕಾಣುತ್ತದೆ. ಅದೇ ರೂಮಿಗೆ 9,500 ಹೇಳಿದರು ಎನ್ನಿ. ತೆರಿಗೆ ಸೇರಿ 11,210, ಐದಕ್ಕೆ 56,050. ಎರಡು ಹಾಸಿಗೆಗೆ 3,600 ಹಿಡಿದರೆ 59,650. ವಾರದ ನಡುವೆ ತಲೆಗೆ 2,929 ಬಿದ್ದದ್ದು ಶನಿವಾರ 4,261 ಆಯಿತು.

ಊಟದಲ್ಲೂ ಇದರದೇ ಬಾಲ ಇದೆ. ಹಿಂದಿನ ಹಣಕಾಸು ವರ್ಷದಲ್ಲಿ ಯಾವುದಾದರೂ ರೂಮನ್ನು ದಿನಕ್ಕೆ 7,500ಕ್ಕಿಂತ ಹೆಚ್ಚಿಗೆ ಕೊಟ್ಟ ಹೋಟೆಲಿನೊಳಗಿನ ರೆಸ್ಟೋರೆಂಟಿನಲ್ಲಿ ಊಟಕ್ಕೂ ಶೇ 18. ಹೊರಗಿನ ಸಾಮಾನ್ಯ ಹೋಟೆಲಿನಲ್ಲಿ ಶೇ 5. ನೀವು ಏಳು ಸಾವಿರದ ರೂಮಿನಲ್ಲೇ ಇದ್ದರೂ ದೋಸೆಯ ಬಿಲ್ಲಿಗೆ ಅದು ಗೊತ್ತಿರುವುದಿಲ್ಲ. ರಾತ್ರಿ ಊಟ ಮೈಸೂರು ರಸ್ತೆಯ ಯಾವುದಾದರೂ ಹೋಟೆಲಿನಲ್ಲಿ ಮುಗಿಸಿಕೊಂಡೇ ರೆಸಾರ್ಟಿಗೆ ಹೋದರೆ ಹದಿನಾಲ್ಕು ಎಲೆಯ ಮೇಲೆ ಎದ್ದು ಕಾಣುವಷ್ಟು ಉಳಿಯುತ್ತದೆ.

5. ಒಂದೇ ರಾತ್ರಿ, ಮರುದಿನಕ್ಕೆ ಒಂದೇ ರೂಮು

ತಾಳಗುಪ್ಪದಿಂದ ಬೆಂಗಳೂರಿನ ಮೇಲೆ ಮೈಸೂರಿಗೆ ಹೋಗುವ ರಾತ್ರಿ ರೈಲು ಹತ್ತಿದರೆ ಬೆಳಕು ಹರಿಯುವ ಹೊತ್ತಿಗೆ ಇಳಿಯಬಹುದು, ಒಂದು ರಾತ್ರಿಯ ಬಾಡಿಗೆ ಉಳಿಯಿತು ಎಂದು ಅನಿಸುತ್ತದೆ. ಆದರೆ ರೂಮು ಕೈಗೆ ಸಿಗುವುದು ಮಧ್ಯಾಹ್ನ ಒಂದಕ್ಕೋ ಎರಡಕ್ಕೋ. ಅಲ್ಲಿವರೆಗೆ ನಿದ್ದೆಗೆಟ್ಟ ಮಕ್ಕಳು, ಸ್ನಾನವಿಲ್ಲದ ಹಿರಿಯರು, ಹದಿನಾಲ್ಕು ಚೀಲ. ಪಾರ್ಕಿನಿಂದ ಸುಸ್ತಾಗಿ ಬಂದು ಮಲಗಿ, ಮರುದಿನ ಹನ್ನೊಂದಕ್ಕೆ ಖಾಲಿ ಮಾಡಿದರೆ ರೆಸಾರ್ಟಿನಲ್ಲಿ ಎಚ್ಚರವಾಗಿ ಕಳೆದದ್ದು ಎಷ್ಟು ಹೊತ್ತು?

ತಿರುಗಿಸಿ ಮಾಡಿ. ಮೊದಲ ದಿನ ಬೆಳಿಗ್ಗೆ ಊರು ಬಿಟ್ಟು ಮಧ್ಯಾಹ್ನ ತಲುಪಿ, ರೂಮು ಸಿಕ್ಕ ಕೂಡಲೇ ಸೇರಿಕೊಳ್ಳಿ. ಈಜುಕೊಳ, ಮಕ್ಕಳ ಆಟ ಎಲ್ಲ ಆ ಸಂಜೆಗೆ. ಪಾರ್ಕು ಮರುದಿನ ಪೂರ್ತಿ. ಹನ್ನೊಂದಕ್ಕೆ ನಾಲ್ಕು ರೂಮು ಬಿಟ್ಟುಕೊಡಿ, ಒಂದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ಅರ್ಧ ದಿನದ ದರಕ್ಕೆ ಒಪ್ಪಿದರೆ ಇನ್ನೂ ಒಳ್ಳೆಯದು, ಒಪ್ಪದಿದ್ದರೂ 7,560ಕ್ಕೆ ಮೋಸವಿಲ್ಲ. ಅಜ್ಜಿ ಅಲ್ಲೇ ಕಾಲು ನೀಡಿಕೊಳ್ಳುತ್ತಾರೆ. ನಾಲ್ಕರ ಮಗುವಿಗೆ ಮಧ್ಯಾಹ್ನದ ನಿದ್ದೆ ಆಗುತ್ತದೆ. ಸಂಜೆ ನೆಂದು ತೊಪ್ಪೆಯಾಗಿ ಬಂದವರೆಲ್ಲ ಬಿಸಿನೀರು ಹೊಯ್ದುಕೊಂಡು ಬಟ್ಟೆ ಬದಲಿಸಿ ರಾತ್ರಿಯೇ ಊರಿನ ದಾರಿ ಹಿಡಿಯಬಹುದು. ಪಾರ್ಕಿನೊಳಗೆ ಹೊರಗಿನ ತಿಂಡಿ ಒಯ್ಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಕೋಡುಬಳೆ ಡಬ್ಬಿ ತೆರೆಯಲೂ ಇದೇ ರೂಮು ಬೇಕು. ಉಳಿಸಿಕೊಂಡ ರೂಮಿಗೆ ಬಂದು ಹೋಗುವವರ ಮೇಲೆ ತಕರಾರಿಲ್ಲ ಎಂದು ಮೊದಲೇ ಕೇಳಿ ಬರೆಸಿಕೊಳ್ಳಿ.

ಒಟ್ಟು ಈಗ 48,560. ಎರಡು ರಾತ್ರಿಗೆ ಐದೈದು ರೂಮು ಹಿಡಿದಿದ್ದರೆ 82,000 ಆಗುತ್ತಿತ್ತು.

ಮನೆಯಲ್ಲಿ ಆಟಕ್ಕಿಳಿಯುವ ಹುಡುಗರೇ ಹೆಚ್ಚಿದ್ದು, ಹಿರಿಯರು ಊರಲ್ಲೇ ಉಳಿಯುವವರಾದರೆ ರೆಸಾರ್ಟು ದಂಡ. ಕೆಂಗೇರಿ ಅಥವಾ ರಾಮನಗರದಲ್ಲಿ ಸಾಧಾರಣ ಲಾಡ್ಜು ಸಾಕು.

6. ದಿನ ಯಾವುದು

ಏಪ್ರಿಲ್, ಮೇ, ದಸರಾ ರಜೆ, ವರ್ಷದ ಕೊನೆಯ ವಾರ, ಸೋಮವಾರ ರಜೆ ಸೇರಿಕೊಂಡ ಶನಿವಾರ ಭಾನುವಾರ ಬಿಡಿ. ಆದರೆ ಅಡಿಕೆ ಮನೆಯವರಿಗೆ ಬೇರೆ ಪಂಚಾಂಗವೂ ಇದೆಯಲ್ಲ. ಮಳೆ ಹಿಡಿಯುತ್ತಿದ್ದಂತೆ ತೋಟಕ್ಕೆ ಮೊದಲ ಔಷಧಿ ಸಿಂಪಡಣೆ, ಒಂದೂವರೆ ತಿಂಗಳಿಗೆ ಎರಡನೆಯದು, ದೀಪಾವಳಿ ಆಸುಪಾಸಿಗೆ ಅಡಿಕೆ ಗೊನೆಯ ಕೊಯ್ಲು. ಎರಡನೆಯ ಔಷಧಿ ಮುಗಿದು ಕೊಯ್ಲು ಶುರುವಾಗುವವರೆಗಿನ ಬಿಡುವಿನಲ್ಲಿ ಒಂದು ಮಂಗಳವಾರ ಬುಧವಾರ ಹುಡುಕಿ. ಶಾಲೆಗೆ ಎರಡು ದಿನ ರಜೆ ಹಾಕಿದರೆ ಆಯಿತು. ಎಸ್ಸೆಸ್ಸೆಲ್ಸಿ, ಪಿಯು ಮಕ್ಕಳಿಲ್ಲದ ಮನೆಯಾದರೆ ಸುಗ್ಗಿ ಮುಗಿದ ಫೆಬ್ರವರಿ ಇನ್ನೂ ಅನುಕೂಲ, ಕೈಯಲ್ಲಿ ರಾಶಿ ಅಡಿಕೆ ಮಾರಿದ ದುಡ್ಡೂ ಇರುತ್ತದೆ.

ಕೊಟ್ಟಿಗೆಯನ್ನು ಮರೆಯಬೇಡಿ. ಎರಡು ದಿನ ಹಾಲು ಕರೆಯಲು, ಹುಲ್ಲು ಹಾಕಲು ಬರುವವರ ಕೂಲಿಯೂ ಈ ಪ್ರವಾಸದ ಖರ್ಚೇ.

7. ಫೋನಿನಲ್ಲಿ ಕೇಳುವುದು

ಆನ್‌ಲೈನ್ ದರ ನೋಡಿಟ್ಟುಕೊಂಡು ನೇರ ರೆಸಾರ್ಟಿಗೇ ಫೋನು ಮಾಡಿ. ಐದು ರೂಮು ಎಂದಾಗ ರಿಯಾಯಿತಿ ಕೇಳಲು ಸಂಕೋಚ ಬೇಡ. ದರದಲ್ಲಿ ಇಳಿಯದಿದ್ದರೆ ‘ಎರಡು ಹಾಸಿಗೆ ಹಾಗೇ ಕೊಡಿ’ ಎನ್ನಿ. ಹಾಸಿಗೆ ಬಿಟ್ಟುಕೊಡುವುದು ಅವರಿಗೆ ಸುಲಭ.

ಪಾರ್ಕ್ ಟಿಕೆಟ್ ಸೇರಿದ ಪ್ಯಾಕೇಜ್ ಹೇಳುತ್ತಾರೆ. ಅದರಲ್ಲಿ ರೂಮಿಗೆ ಕಾಲಿಟ್ಟ ಎಲ್ಲರಿಗೂ ಟಿಕೆಟ್ ಸೇರಿಸಿರುತ್ತಾರೋ ನೋಡಿ. ಆಟಕ್ಕೆ ಹೋಗದ ಅಜ್ಜಿಗೂ ದುಡ್ಡು ಕೊಟ್ಟಂತಾದೀತು. ರೂಮು ಬೇರೆ, ಟಿಕೆಟ್ ಬೇರೆ ಮಾಡಿ ಕೂಡಿಸಿ, ಆಮೇಲೆ ಪ್ಯಾಕೇಜಿನ ಪಕ್ಕ ಇಡಿ. ತಿಂಡಿ ಮಾತ್ರ ಸೇರಿದ್ದೋ, ಒಂದು ಊಟವೂ ಸೇರಿದ್ದೋ, ಕೆಳ ಅಂತಸ್ತಿನಲ್ಲಿ ಅಕ್ಕಪಕ್ಕದ ರೂಮು ಸಿಗುತ್ತದೋ, ಡ್ರೈವರಿಗೆ ಮಲಗಲು ಜಾಗ ಇದೆಯೋ ಎಂಬುದನ್ನೂ ಕೇಳಿ. ಟೆಂಪೋ ಟ್ರಾವೆಲರ್ ಮಾಡಿಕೊಂಡವರು ಡ್ರೈವರ್ ಬಾಟಾ ನೆನಪಿಡುತ್ತಾರೆ, ಅವನ ರಾತ್ರಿಯನ್ನು ಮರೆಯುತ್ತಾರೆ.

ಗಾಡಿ ಬೇಡ ಎಂದರೆ ಶಕ್ತಿ ಯೋಜನೆ ಇದೆ. ನಮ್ಮ ಉದಾಹರಣೆಯ ಏಳು ಹೆಂಗಸರೂ ಗುರುತಿನ ಚೀಟಿ ತೋರಿಸಿ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಬೆಂಗಳೂರಿನವರೆಗೆ ಉಚಿತವಾಗಿ ಹೋಗಬಹುದು. ರಾಜಹಂಸ, ಐರಾವತಕ್ಕೆ ಇಲ್ಲ. ಹಳ್ಳಿಯಿಂದ ಪೇಟೆವರೆಗಿನ ಖಾಸಗಿ ಬಸ್ಸಿಗೂ ಇಲ್ಲ.

ರದ್ದು ಮಾಡಿದರೆ ಹಣ ವಾಪಸ್ ಇಲ್ಲ ಎನ್ನುವ ಅಗ್ಗದ ದರಕ್ಕೆ ಮಾತ್ರ ದೊಡ್ಡ ಕುಟುಂಬ ಕೈ ಹಾಕಬಾರದು. ದಾಯಾದಿಗಳ ಮನೆಯಲ್ಲಿ ಯಾರೋ ಹಿರಿಯರು ಹೋದರೂ ಸೂತಕ, ಹದಿನಾಲ್ಕೂ ಜನರ ಪ್ರಯಾಣ ಒಟ್ಟಿಗೇ ನಿಂತಂತೆ. ಸ್ವಲ್ಪ ಹೆಚ್ಚು ಕೊಟ್ಟಾದರೂ ಕೊನೆಯ ಎರಡು ದಿನದವರೆಗೆ ರದ್ದು ಮಾಡಲು, ಇಲ್ಲವೇ ದಿನ ಬದಲಿಸಲು ಅವಕಾಶ ಇರುವ ದರ ಹಿಡಿಯಿರಿ.

8. ಪಾಲು

ಮನೆಗಿಷ್ಟು ಎಂದು ಮೂರು ಪಾಲು ಮಾಡಿದರೆ ಒಂದೇ ಮಗುವಿರುವ ಕೊನೆಯವನಿಗೆ ನಷ್ಟ. ತಲೆಗಿಷ್ಟು ಎಂದರೆ ಕೈಗೂಸಿಗೂ ಪಾಲು ಬಂತು. ಹನ್ನೆರಡು ದಾಟಿದವರಿಗೆ ಒಂದು, ಐದರಿಂದ ಹನ್ನೆರಡರವರಿಗೆ ಅರ್ಧ, ಅದಕ್ಕಿಂತ ಚಿಕ್ಕವರಿಗೆ ಸೊನ್ನೆ ಎಂದಿಟ್ಟುಕೊಂಡರೆ ನಮ್ಮ ಮನೆಗೆ ಸರಿಯಾಗಿ ಹನ್ನೆರಡು ಪಾಲು, ಪಾಲಿಗೆ 4,047 ರೂಪಾಯಿ. ದೊಡ್ಡವನಿಗೆ ನಾಲ್ಕು ಪಾಲು, ನಡುವಿನವನಿಗೆ ಮೂರು, ಕೊನೆಯವನಿಗೆ ಎರಡು, ಅತ್ತೆಗೆ ಒಂದು, ಅಜ್ಜ-ಅಜ್ಜಿಯವು ಎರಡು. ಹಿರಿಯರ ಎರಡು ಪಾಲನ್ನು ಯಾರು ಹೊರುತ್ತಾರೆ ಎಂಬುದನ್ನು ಬುಕಿಂಗ್ ಮಾಡುವ ಮೊದಲು ಬಾಯಿಬಿಟ್ಟು ಮಾತಾಡಿ. ಬೆಂಗಳೂರಿನಲ್ಲಿ ಸಂಬಳ ತರುವವನು ತಾನು ಕೊಡುತ್ತೇನೆ ಎನ್ನುತ್ತಾನೆ, ತೋಟ ನೋಡಿಕೊಂಡಿರುವವನಿಗೆ ಅದು ಚುಚ್ಚುತ್ತದೆ. ಅಜ್ಜನೇ ‘ನನ್ನ ಅಡಿಕೆ ದುಡ್ಡಲ್ಲಿ ಕೊಡ್ತೇನೆ’ ಎಂದರೆ ವಾದಿಸಬೇಡಿ.

ಒಮ್ಮೆಗೇ ಕೊಡುವುದು ಕಷ್ಟ ಎನ್ನುವವರಿಗೆ ಸೊಸೈಟಿಯ ಪಿಗ್ಮಿ ಇದೆ. ಮೂರೂ ಮನೆಯವರು ದಿನಕ್ಕೆ ನೂರರಂತೆ ಕಟ್ಟಿದರೆ ಆರು ತಿಂಗಳಿಗೆ 54,000 ಆಗುತ್ತದೆ, ರೂಮಿನ ಬಾಬತ್ತು ಅಲ್ಲಿಗೆ ಮುಗಿಯಿತು. ಬೆಳೆ ಸಾಲ ತೆಗೆದು ಈಜುಕೊಳಕ್ಕೆ ಹೋಗುವುದು ಬೇಡ.

9. ಬಾಗಿಲಲ್ಲಿ, ಬಿಲ್ಲಿನಲ್ಲಿ

ದೊಡ್ಡವರೆಲ್ಲರ ಆಧಾರ್ ಕಾರ್ಡು ಒಂದೇ ಕವರಿನಲ್ಲಿ ಒಬ್ಬರ ಕೈಯಲ್ಲಿರಲಿ. ರೂಮಿಗೆ ಹೋದ ತಕ್ಷಣ ಒಡೆದ ಕನ್ನಡಿ, ಕಲೆಯಾದ ಹೊದಿಕೆ ಇದ್ದರೆ ಫೋನಿನಲ್ಲಿ ಚಿತ್ರ ತೆಗೆದು ಕೌಂಟರಿಗೆ ತೋರಿಸಿ. ಅಜ್ಜನ ಕವಳದ ಸಂಚಿಗೆ ಬಾಲ್ಕನಿಯಲ್ಲೊಂದು ಜಾಗ, ಉಗಿಯಲು ಮುಚ್ಚಳದ ಡಬ್ಬಿ ಮಾಡಿಕೊಡಿ. ಬಿಳಿ ಹಾಸಿನ ಮೇಲೆ ಒಂದು ಹನಿ ಕೆಂಪು ಬಿದ್ದರೂ ಪೂರ್ತಿ ಹಾಸಿನ ಬೆಲೆ ರೂಮು ಹಿಡಿಯುವಾಗ ಕಟ್ಟಿದ ಠೇವಣಿಯಿಂದ ಹೋಗಬಹುದು. ಫ್ರಿಜ್ಜಿನೊಳಗಿನ ಚಾಕಲೇಟು, ತಂಪು ಪಾನೀಯಕ್ಕೆ ಬೇರೆ ದುಡ್ಡು ಎಂದು ಮಕ್ಕಳಿಗೆ ಮೊದಲೇ ಹೇಳಿ. ಹೇಳಿದರೂ ನಂಬಿಕೆ ಇಲ್ಲದಿದ್ದರೆ ಅದನ್ನೆಲ್ಲ ತೆಗೆದುಕೊಂಡು ಹೋಗಿ ಎಂದು ರೂಮಿನ ಹುಡುಗನಿಗೇ ಹೇಳಿಬಿಡಿ.

ಬಿಲ್ಲು ಐದು ರೂಮಿಗೂ ಬೇರೆಬೇರೆ ಮಾಡಿಸಿ. ಊಟವನ್ನು ಯಾರು ಯಾವ ರೂಮಿಗೆ ಬರೆಸಿದರು ಎಂಬ ಚರ್ಚೆ ಅಲ್ಲೇ ತೀರುತ್ತದೆ. ಊಟದ ಬಿಲ್ಲಿನಲ್ಲಿ ‘ಸರ್ವೀಸ್ ಚಾರ್ಜ್’ ಎಂಬ ಸಾಲು ಇದ್ದರೆ ತೆಗೆಯಿರಿ ಎನ್ನಬಹುದು. ಅದನ್ನು ತಾನಾಗಿ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಮಾರ್ಗಸೂಚಿ ಹೊರಡಿಸಿತ್ತು, ದೆಹಲಿ ಹೈಕೋರ್ಟು 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಬಡಿಸಿದ ಹುಡುಗನಿಗೆ ಕೊಡಬೇಕು ಅನಿಸಿದ್ದನ್ನು ಕೈಯಲ್ಲೇ ಕೊಡಿ. ಠೇವಣಿ ಕಟ್ಟಿದ ಖಾತೆಗೇ ಎಷ್ಟು ದಿನದಲ್ಲಿ ವಾಪಸ್ ಬರುತ್ತದೆ ಎಂದು ಗಾಡಿ ಹತ್ತುವ ಮೊದಲೇ ಕೇಳಿಕೊಳ್ಳಿ.