ದೇವನಹಳ್ಳಿಯಿಂದ ಹುಬ್ಬಳ್ಳಿಗೆ ವಿಮಾನ: ದೂರ, ಸಮಯದ ಲೆಕ್ಕ ಹಾಕುವುದು ಹೇಗೆ?

ಚಿಕ್ಕಬಳ್ಳಾಪುರ, ತುಮಕೂರು ಕಡೆಯವರು ವಿಮಾನದಲ್ಲಿ ಹುಬ್ಬಳ್ಳಿಗೆ ಹೋಗಬೇಕೆಂದರೆ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೇ ಬರಬೇಕು. ಟಿಕೆಟ್ ಬುಕ್ ಮಾಡುವ ಮೊದಲು ಮನೆ ಬಾಗಿಲಿನಿಂದ ಹುಬ್ಬಳ್ಳಿ ಪೇಟೆಯವರೆಗಿನ ಲೆಕ್ಕವನ್ನು ಹಾಕಿಕೊಳ್ಳಿ.

ಮೊದಲು ದೂರ. ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶಗಳನ್ನು ಮೊಬೈಲ್ ಮ್ಯಾಪಿನಲ್ಲಿ ತೆಗೆದುಕೊಳ್ಳಿ. ಊರಿನದಲ್ಲ, ನಿಲ್ದಾಣದ್ದೇ ಬೇಕು. ಕೆಂಪೇಗೌಡ ನಿಲ್ದಾಣ 13.20, 77.71, ಹುಬ್ಬಳ್ಳಿ 15.36, 75.08. ಅಕ್ಷಾಂಶದ ವ್ಯತ್ಯಾಸ 2.16, ಇದನ್ನು 111ರಿಂದ ಗುಣಿಸಿದರೆ ಉತ್ತರಕ್ಕೆ 240 ಕಿ.ಮೀ. ರೇಖಾಂಶದ ವ್ಯತ್ಯಾಸ 2.63, ನಮ್ಮ ಭಾಗದಲ್ಲಿ ಒಂದು ಡಿಗ್ರಿ ರೇಖಾಂಶಕ್ಕೆ ಸುಮಾರು 108 ಕಿ.ಮೀ. ಆಗುವುದರಿಂದ ಪಶ್ಚಿಮಕ್ಕೆ 284 ಕಿ.ಮೀ. ಎರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ಹೆಚ್ಚುಕಡಿಮೆ 370 ಕಿ.ಮೀ.

ಹಲವರು ಎಡವುವುದು ಇಲ್ಲೇ: 13 ಡಿಗ್ರಿ 12 ನಿಮಿಷವನ್ನು 13.12 ಎಂದು ಬರೆದುಬಿಡುತ್ತಾರೆ. 12ನ್ನು 60ರಿಂದ ಭಾಗಿಸಬೇಕು, ಆಗ 13.20. ಇಷ್ಟರಲ್ಲೇ ಸುಮಾರು 9 ಕಿ.ಮೀ. ಏರುಪೇರಾಗುತ್ತದೆ.

ಇನ್ನು ಹಾರಾಟದ ಸಮಯ. ಎಟಿಆರ್ 72ರಂಥ ಪ್ರೊಪೆಲರ್ ವಿಮಾನ ಗಂಟೆಗೆ ಸುಮಾರು 500 ಕಿ.ಮೀ. ಹೋಗುತ್ತದೆ. ಹಾಗೆಂದು 370ನ್ನು 500ರಿಂದ ಭಾಗಿಸಿ 45 ನಿಮಿಷ ಎಂದುಕೊಳ್ಳಬೇಡಿ. ಆ ವೇಗ ಸಿಗುವುದು ಮೇಲೇರಿದ ಮೇಲೆ. ರನ್‌ವೇವರೆಗೆ ಉರುಳುವುದು, ಸರದಿ ಕಾಯುವುದು, ಏರುವುದು, ಇಳಿಯುವುದು ಸೇರಿ ಇನ್ನೂ 25-30 ನಿಮಿಷ ಬೇಕು. ಗಾಳಿಯ ಲೆಕ್ಕವೂ ಇದೆ. ದೇವನಹಳ್ಳಿಯ ರನ್‌ವೇಗಳು ಪೂರ್ವ-ಪಶ್ಚಿಮವಾಗಿವೆ, ವಿಮಾನ ಏರುವುದು ಗಾಳಿಗೆ ಎದುರಾಗಿ. ಮುಂಗಾರಿನ ಪಶ್ಚಿಮದ ಗಾಳಿಯಲ್ಲಿ ಅದು ಹುಬ್ಬಳ್ಳಿ ದಿಕ್ಕಿಗೇ ಏರುತ್ತದೆ. ಮೂಡಣ ಗಾಳಿ ಇದ್ದರೆ ಪೂರ್ವಕ್ಕೆ ಎದ್ದು ಸುತ್ತಿ ಬರಬೇಕು. ಒಟ್ಟು 75 ನಿಮಿಷ ಇಟ್ಟುಕೊಳ್ಳಿ.

ಈಗ ನೆಲದ ಮೇಲಿನ ಹೊತ್ತು ಕೂಡಿಸಿ. ಚಿಕ್ಕಬಳ್ಳಾಪುರದಿಂದ ನಿಲ್ದಾಣಕ್ಕೆ 45 ನಿಮಿಷ, ಲಗೇಜ್ ಮತ್ತು ಸೆಕ್ಯುರಿಟಿ ತಪಾಸಣೆಗೆ 2 ಗಂಟೆ, ಹಾರಾಟ 75 ನಿಮಿಷ, ಇಳಿದು ಬ್ಯಾಗ್ ಪಡೆಯಲು 20, ಗೋಕುಲ ರಸ್ತೆಯಿಂದ ಪೇಟೆಗೆ 30. ಒಟ್ಟು 4 ಗಂಟೆ 50 ನಿಮಿಷ. ರಸ್ತೆಯಲ್ಲಿ ಇದಕ್ಕಿಂತ ಬಹಳ ಹೆಚ್ಚು ಹೊತ್ತು ಹಿಡಿಯುವುದರಿಂದ ಚಿಕ್ಕಬಳ್ಳಾಪುರದವರಿಗೆ ವಿಮಾನ ಲಾಭವೇ.

ತುಮಕೂರಿನವರ ಮಾತು ಬೇರೆ. ಅವರು ಹುಬ್ಬಳ್ಳಿಗೆ ಬೆನ್ನು ಹಾಕಿ ದಾಬಸ್‌ಪೇಟೆ, ದೊಡ್ಡಬಳ್ಳಾಪುರ ದಾಟಿ ಬರಬೇಕು. ಲಾರಿಗಳ ಸಾಲಿನ ನಡುವೆ ಇದಕ್ಕೇ ಒಂದೂಮುಕ್ಕಾಲು ಗಂಟೆ ಬೇಕು, ಒಟ್ಟು 6 ಗಂಟೆಯ ಹತ್ತಿರ. ತುಮಕೂರಿನಿಂದಲೇ ಹೆದ್ದಾರಿ ಹಿಡಿದು ಕಾರಿನಲ್ಲಿ ಹೊರಟರೂ ಹೆಚ್ಚುಕಡಿಮೆ ಅಷ್ಟೇ. ನೇರ ರೈಲೂ ಇದೆ. ಹಾಗಾಗಿ ತುಮಕೂರಿನವರಿಗೆ ನಮ್ಮ ಸಲಹೆ ರೈಲು.

ಡಿಸೆಂಬರ್, ಜನವರಿಯಲ್ಲಿ ದೇವನಹಳ್ಳಿಗೆ ಬೆಳಗಿನ ಜಾವ ಮಂಜು ಕವಿಯುತ್ತದೆ. ಹುಬ್ಬಳ್ಳಿಯಲ್ಲಿ ಕೋರ್ಟು, ಇಂಟರ್‌ವ್ಯೂ ಇದ್ದವರು ಆ ತಿಂಗಳುಗಳಲ್ಲಿ ಮುಂಜಾನೆಯ ವಿಮಾನ ನಂಬದೆ ಹಿಂದಿನ ದಿನವೇ ಹೊರಡಿ.