ಹಳೇ ಕಂಪ್ಯೂಟರ್ ಎತ್ತಿಡುವ ಮುನ್ನ ಬ್ಯಾಟರಿ ತೆಗೆಯಿರಿ

ಹಳೇ ಕಂಪ್ಯೂಟರ್ ಕೂಡಿಡುವವರು ಮೊದಲು ಒಳಗಿನ ಬ್ಯಾಟರಿ ನೋಡಿ. 1980ರ ದಶಕದ ಕೊನೆ, 90ರ ದಶಕದ ಶುರುವಿನ ಎಷ್ಟೋ ಮದರ್‌ಬೋರ್ಡ್‌ಗಳಲ್ಲಿ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಬೆಸುಗೆ ಹಾಕಿ ಕೂರಿಸಿರುತ್ತಾರೆ. ಸುಮ್ನೆ ಕಪಾಟಿನಲ್ಲಿದ್ದರೂ ಅದು ಸೋರುತ್ತದೆ, ಬೋರ್ಡಿನ ತಾಮ್ರದ ಗೆರೆಗಳನ್ನೇ ತಿಂದುಹಾಕುತ್ತದೆ. ಹಸಿರು ಕಲೆ ಕಂಡರೆ ಕೈಗವಸು ಹಾಕಿಕೊಂಡು ಬ್ಯಾಟರಿ ಕತ್ತರಿಸಿ ತೆಗೆಯಿರಿ. ವಿನೆಗರ್ ಅದ್ದಿದ ಹತ್ತಿಯಿಂದ ಒರೆಸಿ (ಸೋರಿದ್ದು ಕ್ಷಾರ, ಅದಕ್ಕೇ ಹುಳಿ). ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಸ್ವಚ್ಛ ಮಾಡಿ, ಚೆನ್ನಾಗಿ ಒಣಗಿಸಿ.

ಫ್ಲಾಪಿ ಡಿಸ್ಕ್‌ಗಳಿದ್ದರೆ ಈಗಲೇ ಇಮೇಜ್ ಫೈಲ್ (ಇಡೀ ಡಿಸ್ಕಿನ ತದ್ರೂಪು ನಕಲು) ಮಾಡಿಕೊಳ್ಳಿ. ನನ್ನ ಪ್ರಕಾರ ಮೆಷಿನ್ ರಿಪೇರಿಗಿಂತ ಇದು ಜಾಸ್ತಿ ಅವಸರದ ಕೆಲಸ.

ಹಾಗೇ, ಯಾವ ಕೇಬಲ್ ಯಾವುದರದ್ದು, ಮುಂದೆ ಯಾರಿಗೆ ಕೊಡಬೇಕು ಅಂತ ಪಟ್ಟಿ ಬರೆದು ಮನೆಯವರ ಕೈಗೆ ಕೊಟ್ಟಿರಿ. ಅವರ ಕಣ್ಣಿಗೆ ಇದೆಲ್ಲ ಗುಜರಿ ಸಾಮಾನೇ, ಅಲ್ವಾ?