ವಿಚ್ಛೇದನದ ನಡುವೆ ಸಾಲದ ಹೊರೆ: ಏನು ಹಿಡಿದು, ಯಾರ ಬಳಿಗೆ ಹೋಗಬೇಕು?

ಒಂದೇ ಸಂಸಾರಕ್ಕೆ ಸಾಲುತ್ತಿದ್ದ ಆದಾಯ ಎರಡು ಮನೆಗಳ ಖರ್ಚನ್ನು ಹೊರಬೇಕಾಗಿ ಬಂದಾಗ, ಮೊದಲು ತಪ್ಪುವುದು ಸಾಲದ ಕಂತು. ವಕೀಲರ ಶುಲ್ಕ, ಬೇರೆ ಮನೆಯ ಬಾಡಿಗೆ ಸೇರಿಕೊಂಡರೆ ಹಲವರು ಕ್ರೆಡಿಟ್ ಕಾರ್ಡ್‌ನಲ್ಲೇ ದಿನ ದೂಡುತ್ತಾ, ತೀರ್ಪು ಬಂದ ಮೇಲೆ ಸಾಲದ ವಿಚಾರ ನೋಡಿದರಾಯಿತು ಎಂದುಕೊಳ್ಳುತ್ತಾರೆ. ಆದರೆ ನೆರವು ಕೇಳಬೇಕಾದದ್ದು ರಾಜಿಪತ್ರಕ್ಕೆ ಸಹಿ ಹಾಕುವುದಕ್ಕೆ ಮೊದಲು.

ನ್ಯಾಯಾಲಯ ದಂಪತಿಯ ನಡುವೆ ಸಾಲವನ್ನು ಹಂಚಿಕೊಡಬಹುದು. ಆದರೆ ಸಾಲ ಕೊಟ್ಟ ಬ್ಯಾಂಕ್ ಸಾಮಾನ್ಯವಾಗಿ ಆ ಮೊಕದ್ದಮೆಯಲ್ಲಿ ಕಕ್ಷಿದಾರನಾಗಿರುವುದಿಲ್ಲ. ಅದು ನೋಡುವುದು ಸಾಲಪತ್ರದ ಮೇಲಿನ ಸಹಿಯನ್ನು ಮಾತ್ರ. ‘ಕಾರಿನ ಸಾಲವನ್ನು ಪತಿಯೇ ತೀರಿಸತಕ್ಕದ್ದು’ ಎಂದು ರಾಜಿಪತ್ರದಲ್ಲಿ ಬರೆದಿದ್ದರೂ, ಸಾಲಪತ್ರದಲ್ಲಿ ಪತ್ನಿಯ ಸಹಿಯಿದ್ದರೆ, ಆತ ಕಂತು ತಪ್ಪಿಸಿದಾಗ ಅರ್ಧಕ್ಕಲ್ಲ, ಪೂರ್ತಿ ಬಾಕಿಗೆ ಆಕೆಗೂ ನೋಟಿಸು ಬರಬಹುದು. ಕಟ್ಟಿದ ಹಣವನ್ನು ಮಾಜಿ ಪತಿಯಿಂದ ವಸೂಲು ಮಾಡಿಕೊಳ್ಳಲು ಆಕೆ ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಬೇಕು. ಕೆಲವು ದೇಶಗಳ ಕಾನೂನಿನಲ್ಲಿ ಸಹಿ ಇಲ್ಲದಿದ್ದರೂ ದಾಂಪತ್ಯದ ಅವಧಿಯ ಸಾಲ ಇಬ್ಬರಿಗೂ ಅಂಟಿಕೊಳ್ಳುವುದುಂಟು. ವಕೀಲರಿಗೆ ಕೇಳಬೇಕಾದ ಮೊದಲ ಪ್ರಶ್ನೆಯೇ ಇದು.

ಮೊದಲ ಹೆಜ್ಜೆ, ಒಂದು ಹಾಳೆ

ನಿಮ್ಮ ಕ್ರೆಡಿಟ್ ರಿಪೋರ್ಟ್, ಅಂದರೆ ನಿಮ್ಮ ಹೆಸರಿನಲ್ಲಿರುವ ಸಾಲಗಳ ದಾಖಲೆ, ತರಿಸಿಕೊಳ್ಳಿ. ಎಂದೋ ಸಹಿ ಹಾಕಿ ಮರೆತ ಸಾಲವೂ ಅದರಲ್ಲಿ ಕಾಣಿಸಬಹುದು. ನಂತರ ಒಂದು ಹಾಳೆಯಲ್ಲಿ ಗೆರೆ ಎಳೆದು, ಪ್ರತಿ ಸಾಲಕ್ಕೂ ಒಂದು ಸಾಲಿನಂತೆ ಬರೆಯಿರಿ: ಯಾರಿಗೆ ಕೊಡಬೇಕು, ಬಾಕಿ ಎಷ್ಟು, ಬಡ್ಡಿ ದರ, ಕಂತಿನ ತಾರೀಖು, ಯಾರ ಸಹಿ, ಯಾವ ಆಸ್ತಿ ಅಡಮಾನ, ಹಣ ಯಾವುದಕ್ಕೆ ಖರ್ಚಾಯಿತು. ಕೊನೆಯ ಕಾಲಂ ಅನ್ನು ಖಾಲಿ ಬಿಡಬೇಡಿ, ಏಕೆಂದರೆ ಮಕ್ಕಳ ಶಾಲಾ ಶುಲ್ಕಕ್ಕೆ ಮಾಡಿದ ಸಾಲವನ್ನೂ ಒಬ್ಬರೇ ಮೋಜಿಗೆ ಮಾಡಿದ ಸಾಲವನ್ನೂ ನ್ಯಾಯಾಲಯ ಒಂದೇ ತಕ್ಕಡಿಯಲ್ಲಿ ತೂಗಬೇಕೆಂದಿಲ್ಲ. ಒಡಹುಟ್ಟಿದವರಿಂದ ತಂದ ಕೈಸಾಲವನ್ನು ಬರೆಯಲು ಜನ ಹಿಂಜರಿಯುತ್ತಾರೆ. ಬ್ಯಾಂಕ್ ವರ್ಗಾವಣೆಯ ದಾಖಲೆಯನ್ನೋ ಸಂದೇಶವನ್ನೋ ಜೊತೆಗಿಡದಿದ್ದರೆ ಅದು ಉಡುಗೊರೆಯೆಂದು ಎದುರು ವಕೀಲರು ವಾದಿಸಿಯಾರು.

ಎರಡನೆಯದಾಗಿ, ಸಾಲ ಬೆಳೆಯದಂತೆ ತಡೆಯಿರಿ. ನಿಮ್ಮ ಕಾರ್ಡ್‌ಗೆ ಜೋಡಿಸಿದ ಆ್ಯಡ್‌ಆನ್ ಕಾರ್ಡ್ ರದ್ದು ಮಾಡಿಸಿ, ಜಂಟಿ ಖಾತೆಯ ಓವರ್‌ಡ್ರಾಫ್ಟ್ (ಖಾತೆಯಲ್ಲಿರುವುದಕ್ಕಿಂತ ಹೆಚ್ಚು ಹಣ ತೆಗೆಯುವ ಸೌಲಭ್ಯ) ನಿಲ್ಲಿಸುವಂತೆ ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಸಿಟ್ಟಿನಲ್ಲಿ ಜಂಟಿ ಖಾತೆಯ ಹಣವನ್ನೆಲ್ಲ ಎತ್ತಿಕೊಂಡರೆ ಕೋರ್ಟಿನಲ್ಲಿ ಅದೇ ನಿಮಗೆ ತಿರುಗುಬಾಣವಾದೀತು.

ನೆರವು ಕೇಳುವ ಬಗೆ

ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋದವರಿಗೆ, ಸುಸ್ತಿಯಾದ ಮೇಲೆ ಹೋದವರಿಗಿಂತ ಹೆಚ್ಚು ದಾರಿಗಳು ತೆರೆದಿರುತ್ತವೆ: ಅವಧಿ ವಿಸ್ತರಣೆ, ಕೆಲವು ತಿಂಗಳ ಬಿಡುವು, ಬಡ್ಡಿಯಲ್ಲಿ ರಿಯಾಯಿತಿ. ‘ನಾವು ಬೇರೆಯಾಗಿದ್ದೇವೆ, ನನ್ನ ಮಾಸಿಕ ಆದಾಯ ಇಷ್ಟು, ಅಗತ್ಯ ಖರ್ಚು ಇಷ್ಟು, ಸದ್ಯಕ್ಕೆ ಇಷ್ಟು ಕಟ್ಟಬಲ್ಲೆ’ ಎಂಬ ನಾಲ್ಕು ಮಾತು ಅರ್ಜಿಗೆ ಸಾಕು. ದಾಂಪತ್ಯದ ಕಥೆ ಬೇಡ. ಬಿಡುವಿನ ತಿಂಗಳುಗಳಲ್ಲೂ ಬಡ್ಡಿ ಬೀಳುತ್ತದೆಯೇ ಎಂದು ಕೇಳಿ ತಿಳಿದುಕೊಳ್ಳಿ.

ಸಾಲಗಳು ಹಲವಾಗಿದ್ದರೆ, ಲಾಭದ ಉದ್ದೇಶವಿಲ್ಲದ ಸಾಲ ಸಲಹಾ ಕೇಂದ್ರಕ್ಕೆ ಆ ಹಾಳೆಯನ್ನೇ ಒಯ್ಯಿರಿ. ಯಾವುದನ್ನು ಮೊದಲು ಕಟ್ಟಬೇಕೆಂಬುದು ಅಲ್ಲಿ ಇತ್ಯರ್ಥವಾಗಬೇಕು: ಸಾಮಾನ್ಯವಾಗಿ ತಲೆಯ ಮೇಲಿನ ಸೂರು, ವಿದ್ಯುತ್ತು, ಕೋರ್ಟ್ ವಿಧಿಸಿದ ಜೀವನಾಂಶ ಮುಂದೆ, ಹೆಚ್ಚು ಫೋನ್ ಮಾಡಿ ಪೀಡಿಸುವ ಕಾರ್ಡ್ ಸಾಲ ಹಿಂದೆ. ಹಾಗೆಂದು ಕಾರ್ಡ್ ಸಾಲವನ್ನು ಮರೆಯುವಂತಿಲ್ಲ. ತಿಂಗಳಿಗೆ ಶೇ 3ರ ಬಡ್ಡಿ, ಬಡ್ಡಿಗೆ ಬಡ್ಡಿ ಸೇರಿ ವರ್ಷಕ್ಕೆ ಶೇ 42 ದಾಟುತ್ತದೆ. ಮುಂಗಡ ಶುಲ್ಕ ಕೇಳಿ ‘ಅರ್ಧ ಸಾಲ ಮನ್ನಾ ಮಾಡಿಸುತ್ತೇವೆ’ ಎನ್ನುವವರಿಂದ ದೂರವಿರಿ. ಮನೆಯನ್ನು ಅಡವಿಟ್ಟು ಕಾರ್ಡ್ ಸಾಲ ತೀರಿಸುವ ಸಲಹೆಯೂ ನನಗೆ ಹಿಡಿಸದು: ಅಡಮಾನವಿಲ್ಲದ ಸಾಲಕ್ಕೆ, ಇನ್ನೂ ಪಾಲಾಗದ ಮನೆಯನ್ನು ಒಡ್ಡಿದಂತೆ.

ವಕೀಲರಿಗೂ ಸಲಹೆಗಾರರಿಗೂ ಒಂದೇ ಹಾಳೆಯ ಪ್ರತಿ ಕೊಡಿ. ಜಂಟಿ ಸಾಲವನ್ನು ಆಸ್ತಿ ಮಾರಿ ಚುಕ್ತಾ ಮಾಡುವುದು ಎಲ್ಲಕ್ಕಿಂತ ಒಳ್ಳೆಯದು. ಆಗದಿದ್ದರೆ ಒಬ್ಬರ ಹೆಸರಿನಲ್ಲಿ ಹೊಸ ಸಾಲ ಪಡೆದು ಹಳೆಯದನ್ನು ಮುಚ್ಚಬೇಕು, ಇಲ್ಲವೇ ಇನ್ನೊಬ್ಬರನ್ನು ಹೊಣೆಯಿಂದ ಬಿಡುಗಡೆ ಮಾಡಿದ್ದಾಗಿ ಬ್ಯಾಂಕಿನಿಂದ ಪತ್ರ ಪಡೆಯಬೇಕು. ದಿವಾಳಿ ಅರ್ಜಿಯ ಮಾತು ಬಂದರೆ ಅದು ವಿಚ್ಛೇದನಕ್ಕೆ ಮೊದಲೋ ನಂತರವೋ ಎಂಬುದನ್ನು ವಕೀಲರು, ಸಲಹೆಗಾರರು ಇಬ್ಬರನ್ನೂ ಕೇಳಿ ತೀರ್ಮಾನಿಸಿ. ಒಬ್ಬರು ದಿವಾಳಿಯಾದರೆ ಜಂಟಿ ಸಾಲದ ಪೂರ್ತಿ ಭಾರ ಸಾಮಾನ್ಯವಾಗಿ ಇನ್ನೊಬ್ಬರ ಮೇಲೆ ಬೀಳುತ್ತದೆ.

ಸಣ್ಣದೆಂದು ಬಿಟ್ಟುಹೋಗುವ ಕೆಲಸ ಇನ್ನೊಂದಿದೆ. ಮನೆ ಬದಲಿಸಿದ ವಾರದಲ್ಲೇ ಎಲ್ಲ ಸಾಲದಾತರಿಗೂ ಹೊಸ ವಿಳಾಸ ಕೊಡಿ. ಇಲ್ಲದಿದ್ದರೆ ವಸೂಲಾತಿಯ ನೋಟಿಸು, ನೀವು ಬಿಟ್ಟುಬಂದ ಮನೆಯ ಬಾಗಿಲಿಗೇ ಹೋಗುತ್ತಿರುತ್ತದೆ.